ಗುಳಿಗೆಯೂ ಬೇಕು, ಎಣಿಕೆಯೂ ಬೇಕು: ಎಚ್‌ಐವಿ ಔಷಧ ಮತ್ತು ಬಿಳಿ ರಕ್ತಕಣದ ಕಥೆ

ಬಸವನ ಬಾಗೇವಾಡಿಯಿಂದ ವಿಜಯಪುರಕ್ಕೆ ಸುಮಾರು 45 ಕಿಲೋಮೀಟರ್. ಇಂಡಿಯಿಂದ 55ರ ಆಸುಪಾಸು, ಸಿಂದಗಿಯಿಂದ 60, ಮುದ್ದೇಬಿಹಾಳದಿಂದ 80. ಎಚ್‌ಐವಿ ಗುಳಿಗೆ ತರಲು ತಿಂಗಳಿಗೊಮ್ಮೆ ಈ ದಾರಿಯಲ್ಲಿ ಹೋಗಿ ಬಂದವರು ನಮ್ಮ ನಡುವೆ ಇದ್ದಾರೆ. ಅವರು ಯಾರು ಅಂತ ನಮಗೆ ಗೊತ್ತಿರುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆದರೆ ಅವರ ರಕ್ತದೊಳಗೆ ನಡೆದ ಒಂದು ಸಂಗತಿಯ ಇತಿಹಾಸ ಎಲ್ಲರಿಗೂ ಗೊತ್ತಿರಬೇಕು.

ಅಂಥ ಒಬ್ಬ ಅಕ್ಕನ ಕೈಯಲ್ಲಿ ರಕ್ತದ ರಿಪೋರ್ಟ್ ಇದೆ ಅಂದುಕೊಳ್ಳಿ. "ಬಿಳಿ ರಕ್ತಕಣ ಕಡಿಮಿ ಆಗ್ಯಾವ, ಗುಳಿಗಿಯಿಂದ ಆಗಿರಬಹುದು" ಅಂತ ದವಾಖಾನೆಯಲ್ಲಿ ಹೇಳಿದ್ದಾರೆ. ಬಸ್ಸು ಹತ್ತಿ ಕೂತ ಮೇಲೆ ಆಕೆಯ ತಲೆಯಲ್ಲಿ ಒಂದೇ ಯೋಚನೆ. ಎಚ್‌ಐವಿ ಅಂದರೇ ಬಿಳಿ ರಕ್ತಕಣ ತಿನ್ನುವ ರೋಗ ಅಂತ ಹೇಳಿದ್ದರು. ಈಗ ಅದರ ಔಷಧವೂ ಬಿಳಿ ರಕ್ತಕಣವನ್ನೇ ತಿನ್ನುತ್ತದೆ ಅಂದರೆ, ಇದನ್ನು ಯಾಕೆ ನುಂಗಬೇಕು?

ಪ್ರಶ್ನೆ ನ್ಯಾಯವಾಗಿದೆ. ಇದೇ ಪ್ರಶ್ನೆಯನ್ನು 1987ರಲ್ಲಿ ಅಮೆರಿಕದ ಡಾಕ್ಟರುಗಳೂ ಕೇಳಿಕೊಂಡಿದ್ದರು. ಅದಕ್ಕೆ ಉತ್ತರ ಸಿಗಲು ವರ್ಷಗಳೇ ಹಿಡಿದವು. ಆ ಉತ್ತರ ನಮ್ಮ ತಾಲ್ಲೂಕುಗಳಿಗೆ ಬಂದು ತಲುಪಲು ಇನ್ನಷ್ಟು ವರ್ಷ ಬೇಕಾದವು.

ಕ್ಯಾನ್ಸರಿಗೆ ಹುಟ್ಟಿದ ಔಷಧ

ಆ ಗುಳಿಗೆಯ ಹೆಸರು ಜಿಡೋವುಡಿನ್. ಹಳಬರು ಎಜೆಡ್‌ಟಿ ಅನ್ನುತ್ತಾರೆ. 1964ರಲ್ಲಿ ಅಮೆರಿಕದ ಡೆಟ್ರಾಯಿಟ್ ಊರಿನ ಕ್ಯಾನ್ಸರ್ ಸಂಸ್ಥೆಯಲ್ಲಿ ಜೆರೋಮ್ ಹಾರ್ವಿಟ್ಜ್ ಎಂಬ ವಿಜ್ಞಾನಿ ಇದನ್ನು ತಯಾರಿಸಿದರು. ಬೇಗ ಬೇಗ ಬೆಳೆಯುವ ಕ್ಯಾನ್ಸರ್ ಕೋಶಗಳಿಗೆ ಇದು ನಕಲಿ ಸಾಮಾನಿನಂತೆ ಹೋಗಿ ಸೇರಬೇಕು, ಅವು ಬೆಳೆಯುವುದನ್ನು ನಿಲ್ಲಿಸಬೇಕು ಎಂಬುದು ಅವರ ಲೆಕ್ಕ. ಇಲಿಗಳ ಮೇಲೆ ನೋಡಿದರೆ ಕೆಲಸ ಮಾಡಲಿಲ್ಲ. ಔಷಧ ಮೂಲೆ ಸೇರಿತು.

ಇಪ್ಪತ್ತು ವರ್ಷದ ಮೇಲೆ ಏಡ್ಸ್ ಬಂತು. ವೈರಸ್ ಯಾವುದು ಅಂತ ಗೊತ್ತಾದ ಮೇಲೆ, ಹಳೆಯ ಕಪಾಟಿನಲ್ಲಿದ್ದ ಔಷಧಗಳನ್ನೆಲ್ಲ ತೆಗೆದು ಅದರ ಮೇಲೆ ಪರೀಕ್ಷಿಸಿದರು. 1985ರಲ್ಲಿ ಜಿಡೋವುಡಿನ್ ವೈರಸ್ಸನ್ನು ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿತು. 1986ರಲ್ಲಿ 282 ರೋಗಿಗಳ ಮೇಲೆ ಪರೀಕ್ಷೆ ಶುರುವಾಯಿತು. 145 ಮಂದಿಗೆ ನಿಜವಾದ ಔಷಧ, 137 ಮಂದಿಗೆ ಔಷಧವಿಲ್ಲದ ಖಾಲಿ ಗುಳಿಗೆ.

ಕೆಲವೇ ತಿಂಗಳಲ್ಲಿ ಪರೀಕ್ಷೆ ನಿಲ್ಲಿಸಬೇಕಾಯಿತು. ಖಾಲಿ ಗುಳಿಗೆ ತಿಂದವರಲ್ಲಿ 19 ಮಂದಿ ಸತ್ತಿದ್ದರು. ಔಷಧ ತಿಂದವರಲ್ಲಿ ಸತ್ತವರು ಒಬ್ಬರೇ. ಇಷ್ಟು ವ್ಯತ್ಯಾಸ ಕಂಡ ಮೇಲೂ ಉಳಿದವರಿಗೆ ಔಷಧ ಕೊಡದೆ ಇರುವುದು ತಪ್ಪು ಅಂತ ಎಲ್ಲರಿಗೂ ಕೊಟ್ಟರು. 1987ರ ಮಾರ್ಚ್ 19ರಂದು ಅಮೆರಿಕ ಸರ್ಕಾರ ಅದಕ್ಕೆ ಒಪ್ಪಿಗೆ ನೀಡಿತು. ಎಚ್‌ಐವಿಗೆ ಒಪ್ಪಿಗೆ ಸಿಕ್ಕ ಮೊದಲ ಔಷಧ ಇದೇ.

ಅದೇ ಪರೀಕ್ಷೆಯ ಇನ್ನೊಂದು ಲೆಕ್ಕವೂ ಆ ವರ್ಷವೇ ಪ್ರಕಟವಾಯಿತು. ಔಷಧ ತಿಂದವರಲ್ಲಿ ನೂರಕ್ಕೆ 24 ಮಂದಿಗೆ ಹಿಮೋಗ್ಲೋಬಿನ್ 7.5ಕ್ಕಿಂತ ಕೆಳಗೆ ಇಳಿದಿತ್ತು. ನೂರಕ್ಕೆ 21 ಮಂದಿಗೆ ಒಂದಕ್ಕಿಂತ ಹೆಚ್ಚು ಸಲ ರಕ್ತ ಏರಿಸಬೇಕಾಯಿತು. ನೂರಕ್ಕೆ 16 ಮಂದಿಯಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ 500ಕ್ಕಿಂತ ಕೆಳಗೆ ಬಿದ್ದಿತ್ತು. ಖಾಲಿ ಗುಳಿಗೆ ತಿಂದವರಲ್ಲಿ ಹಾಗಾದದ್ದು ನೂರಕ್ಕೆ 2 ಮಂದಿಗೆ ಮಾತ್ರ.

ಒಂದು ಕೈಯಲ್ಲಿ ಜೀವ ಉಳಿಸಿದ ಲೆಕ್ಕ, ಇನ್ನೊಂದು ಕೈಯಲ್ಲಿ ರಕ್ತ ಇಳಿಸಿದ ಲೆಕ್ಕ. ಎರಡೂ ನಿಜ. ಮುಂದಿನ ಕಥೆಯೆಲ್ಲ ಇವೆರಡನ್ನೂ ಒಟ್ಟಿಗೆ ಹೇಗೆ ನಿಭಾಯಿಸಿದರು ಎಂಬುದೇ.

ಎಲುಬಿನೊಳಗಿನ ಕಾರ್ಖಾನೆ

ರಕ್ತಕಣಗಳು ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಕೆಂಪುಕಣ ಸುಮಾರು 120 ದಿನ ಬದುಕುತ್ತದೆ. ನ್ಯೂಟ್ರೋಫಿಲ್ ರಕ್ತದಲ್ಲಿ ಉಳಿಯುವುದು ಸ್ವಲ್ಪೇ ಹೊತ್ತು. ಹಾಗಾಗಿ ಮಜ್ಜೆ ದಿನಾ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ಹೊಸದಾಗಿ ಮಾಡಬೇಕು. ಗಾಯ ಕೀವಾಗದಂತೆ, ನ್ಯುಮೋನಿಯಾ ಏರದಂತೆ ಮೊದಲು ಓಡಿಹೋಗಿ ಕಾದಾಡುವ ಕಣ ಅದು.

ಜಿಡೋವುಡಿನ್ ವೈರಸ್ಸಿನ ನಕಲು ಮಾಡುವ ಕೆಲಸಕ್ಕೆ ಅಡ್ಡ ಬರುತ್ತದೆ. ಆದರೆ ಇಷ್ಟು ವೇಗವಾಗಿ ದುಡಿಯುವ ಮಜ್ಜೆಗೂ ಅದರ ಬಿಸಿ ಸ್ವಲ್ಪ ತಟ್ಟುತ್ತದೆ. ಹಿಮೋಗ್ಲೋಬಿನ್ ಇಳಿಯುವುದು ಔಷಧ ಶುರು ಮಾಡಿದ ಎರಡರಿಂದ ನಾಲ್ಕು ವಾರದಲ್ಲೇ ಕಾಣಬಹುದು. ನ್ಯೂಟ್ರೋಫಿಲ್ ಇಳಿಯುವುದು ಹೆಚ್ಚಾಗಿ ಆರರಿಂದ ಎಂಟು ವಾರದ ಮೇಲೆ ಕಾಣುತ್ತದೆ. ಮೊದಲೇ ರೋಗ ಬಲಿತವರಿಗೆ, ಮೈಯಲ್ಲಿ ರಕ್ತ ಕಡಿಮೆ ಇದ್ದವರಿಗೆ ಈ ತೊಂದರೆ ಹೆಚ್ಚು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಬಿಳಿ ರಕ್ತಕಣದಲ್ಲಿ ಹಲವು ಜಾತಿಗಳಿವೆ. ಎಚ್‌ಐವಿ ವೈರಸ್ ಹುಡುಕಿ ಕೊಲ್ಲುವುದು ಸಿಡಿ4 ಎಂಬ ಕಣವನ್ನು. ಜಿಡೋವುಡಿನ್ ಇಳಿಸುವುದು ಮುಖ್ಯವಾಗಿ ನ್ಯೂಟ್ರೋಫಿಲ್ಲನ್ನು. ಔಷಧ ಸರಿಯಾಗಿ ತಿಂದವರಲ್ಲಿ ಸಿಡಿ4 ಏರುತ್ತಾ ಹೋಗುತ್ತದೆ, ಅದೇ ಹೊತ್ತಿಗೆ ನ್ಯೂಟ್ರೋಫಿಲ್ ಇಳಿದಿರಲೂಬಹುದು. ರಿಪೋರ್ಟಿನಲ್ಲಿ "ಬಿಳಿಕಣ ಕಡಿಮೆ" ಅಂತ ಕಂಡರೆ ಔಷಧ ಸೋತಿತು ಅಂತ ಅರ್ಥ ಅಲ್ಲ. ಬಸ್ಸಿನಲ್ಲಿ ಕೂತ ಅಕ್ಕನಿಗೆ ಇದನ್ನು ಯಾರಾದರೂ ಎರಡು ನಿಮಿಷ ಕೂತು ಹೇಳಿದ್ದರೆ, ಆಕೆಯ ಅರ್ಧ ಭಯ ಅಲ್ಲೇ ಇಳಿಯುತ್ತಿತ್ತು.

ಕಡಿಮೆ ಮಾಡಿ ನೋಡಿದರು

ಶುರುವಿನಲ್ಲಿ ಜಿಡೋವುಡಿನ್ ಕೊಡುತ್ತಿದ್ದ ಪ್ರಮಾಣ ಬಹಳ ದೊಡ್ಡದು. ನಾಲ್ಕು ತಾಸಿಗೊಮ್ಮೆ 250 ಮಿಲಿಗ್ರಾಂ, ದಿನಕ್ಕೆ 1500. ರಾತ್ರಿ ಅಲಾರಂ ಇಟ್ಟು ಎದ್ದು ನುಂಗಬೇಕು. ಬೆಲೆಯಂತೂ ವರ್ಷಕ್ಕೆ ಹತ್ತು ಸಾವಿರ ಡಾಲರಿನ ಹತ್ತಿರ.

ಬಿಳಿಕಣ ಬಿದ್ದವರಿಗೆ ಡಾಕ್ಟರುಗಳು ಔಷಧ ನಿಲ್ಲಿಸಿ, ಕಣ ಏರಿದ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡುತ್ತಿದ್ದರು. ಆಗ ಸಹಜವಾಗಿ ಒಂದು ಪ್ರಶ್ನೆ ಎದ್ದಿತು. ಮೊದಲಿನಿಂದಲೇ ಕಡಿಮೆ ಕೊಟ್ಟರೆ ಏನಾಗುತ್ತದೆ? ಪರೀಕ್ಷೆ ಮಾಡಿ ನೋಡಿದರು. ಕಡಿಮೆ ತಿಂದವರೂ ಅಷ್ಟೇ ಚೆನ್ನಾಗಿ ಬದುಕಿದರು, ರಕ್ತದ ತೊಂದರೆ ಮಾತ್ರ ಕಡಿಮೆ ಆಯಿತು. 1990ರ ಜನವರಿಯಲ್ಲಿ ದಿನದ ಪ್ರಮಾಣವನ್ನು 600 ಮಿಲಿಗ್ರಾಂಗೆ ಇಳಿಸಿದರು.

ನಮ್ಮ ದವಾಖಾನೆಗಳಲ್ಲಿ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಕೊಟ್ಟ ಗುಳಿಗೆಯಲ್ಲಿ ಜಿಡೋವುಡಿನ್ 300 ಮಿಲಿಗ್ರಾಂ ಇರುತ್ತದೆ. ಎರಡು ಸೇರಿ 600. ಅಂದರೆ ನಮ್ಮವರು ನುಂಗಿದ್ದು ಆ ಮೊದಲ ರೋಗಿಗಳ ನೋವಿನಿಂದ ಪಾಠ ಕಲಿತು ಇಳಿಸಿದ ಪ್ರಮಾಣ.

1991ರಲ್ಲಿ ಇನ್ನೊಂದು ದಾರಿ ತೆರೆಯಿತು. ಮಜ್ಜೆಯನ್ನು ಎಬ್ಬಿಸಿ ನ್ಯೂಟ್ರೋಫಿಲ್ ಮಾಡಿಸುವ ಫಿಲ್‌ಗ್ರಾಸ್ಟಿಮ್ ಎಂಬ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಮೂಲತಃ ಕ್ಯಾನ್ಸರ್ ರೋಗಿಗಳಿಗೆ ಬಂದದ್ದು, ಆಮೇಲೆ ಎಚ್‌ಐವಿ ಇರುವವರಿಗೂ ಬಳಸಿದರು. ಬದಲಿಸಲು ಬೇರೆ ಔಷಧವೇ ಇಲ್ಲದ ಕಾಲದಲ್ಲಿ ಅದು ದೊಡ್ಡ ಆಸರೆ. ಆದರೆ ದುಬಾರಿ.

1994ರಲ್ಲಿ ಜಿಡೋವುಡಿನ್ ಇನ್ನೊಂದು ದೊಡ್ಡ ಕೆಲಸ ಮಾಡಿತು. ಬಸುರಿಯರಿಗೂ ಹುಟ್ಟಿದ ಕೂಸಿಗೂ ಕೊಟ್ಟು ನೋಡಿದಾಗ, ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವುದು ನೂರಕ್ಕೆ 25ರಿಂದ 8ಕ್ಕೆ ಇಳಿಯಿತು. ರಕ್ತ ಇಳಿಸುತ್ತದೆ ಎಂದು ಹೆಸರು ಕೆಡಿಸಿಕೊಂಡಿದ್ದ ಔಷಧವೇ ಕೂಸುಗಳನ್ನು ಉಳಿಸಿತು. 1996ರ ಹೊತ್ತಿಗೆ ಮೂರು ಔಷಧ ಸೇರಿಸಿ ಕೊಡುವ ಪದ್ಧತಿ ಬಂದು, ಏಡ್ಸ್ ಅಂದರೆ ಸಾವು ಎಂಬ ಮಾತು ಶ್ರೀಮಂತ ದೇಶಗಳಲ್ಲಿ ಹಳೆಯದಾಯಿತು.

ನಮ್ಮ ಕಡೆಗೆ ಬಂದದ್ದು

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅದನ್ನು ಕಂಡುಹಿಡಿದರು. ಮುಂದಿನ ಹದಿನೈದು ವರ್ಷದಲ್ಲಿ ರೋಗ ದೊಡ್ಡ ಊರುಗಳಿಂದ ಹಳ್ಳಿಗಳಿಗೆ ಇಳಿಯಿತು. ನಮ್ಮ ಭಾಗದಲ್ಲಿ ಅದಕ್ಕೆ ದಾರಿ ಮೊದಲೇ ಸಿದ್ಧವಾಗಿತ್ತು. ಮಳೆ ಕೈಕೊಟ್ಟ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಮಂದಿ ಗೋವಾ, ಪುಣೆ, ಮುಂಬೈ ಕಡೆ ದುಡಿಯಲು, ಸಾಂಗಲಿ, ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಹೋಗುವುದು ಇಂದು ನಿನ್ನೆಯದಲ್ಲ.

ಪಕ್ಕದ ಬಾಗಲಕೋಟೆ 1997ರವರೆಗೆ ನಮ್ಮದೇ ಜಿಲ್ಲೆಯ ಭಾಗವಾಗಿತ್ತು. ಅಲ್ಲಿ 2003ರಲ್ಲಿ ಮೂರು ತಾಲ್ಲೂಕುಗಳಲ್ಲಿ ಜನರ ರಕ್ತ ಪರೀಕ್ಷಿಸಿ ಒಂದು ಸಮೀಕ್ಷೆ ಮಾಡಿದರು. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಎಚ್‌ಐವಿ ಇತ್ತು, ಅದೂ ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು. ಇದು ಶಹರದ ರೋಗ ಅಂತ ನಂಬಿದವರಿಗೆ ಆ ಲೆಕ್ಕ ಕಣ್ಣು ತೆರೆಸಿತು.

ಔಷಧದ ಬೆಲೆ ಮುರಿದದ್ದು ನಮ್ಮ ದೇಶದ ಕಂಪನಿಯೇ. 1990ರ ದಶಕದಲ್ಲಿ ಮುಂಬೈನ ಸಿಪ್ಲಾ ಜಿಡೋವುಡಿನ್ನನ್ನು ಇಲ್ಲೇ ತಯಾರಿಸತೊಡಗಿತು. 2001ರ ಫೆಬ್ರವರಿಯಲ್ಲಿ ಅದರ ಮುಖ್ಯಸ್ಥ ಯೂಸುಫ್ ಹಮೀದ್, ಮೂರು ಔಷಧಗಳ ಒಂದು ವರ್ಷದ ಚಿಕಿತ್ಸೆಯನ್ನು ಬಡ ದೇಶಗಳಲ್ಲಿ ದುಡಿಯುವ ವೈದ್ಯರ ಸಂಸ್ಥೆಯೊಂದಕ್ಕೆ 350 ಡಾಲರಿಗೆ ಕೊಡುತ್ತೇನೆ ಎಂದು ಘೋಷಿಸಿದರು. ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆ. ಜಗತ್ತೇ ತಿರುಗಿ ನೋಡಿತು.

2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಈ ಚಿಕಿತ್ಸೆಯನ್ನು ಪುಕ್ಕಟೆ ಕೊಡಲು ಶುರು ಮಾಡಿತು. ಮೊದಲ ಹಂತದಲ್ಲಿ ದೇಶದಲ್ಲೆಲ್ಲ ಎಂಟೇ ದವಾಖಾನೆ. ಕರ್ನಾಟಕದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಮುದ್ದೇಬಿಹಾಳದಿಂದ, ಇಂಡಿಯಿಂದ ಬೆಂಗಳೂರು ಅಂದರೆ ಒಂದು ರಾತ್ರಿಯ ಪ್ರಯಾಣ. ಗುಳಿಗೆ ಪುಕ್ಕಟೆ, ದಾರಿ ಪುಕ್ಕಟೆ ಅಲ್ಲ. ಆಮೇಲೆ ಒಂದೊಂದೇ ಜಿಲ್ಲೆಗೆ ಎಆರ್‌ಟಿ ಕೇಂದ್ರಗಳು ಬಂದವು.

ಕೆಂಪಿನ ಗೆರೆ, ಬಿಳಿಯ ಗೆರೆ

ಆಗ ಮೂರು ಔಷಧಗಳ ಜೋಡಣೆಯಲ್ಲಿ ಎರಡು ದಾರಿ ಇದ್ದವು. ಲ್ಯಾಮಿವುಡಿನ್ ಮತ್ತು ನೆವಿರಪಿನ್ ಎರಡರಲ್ಲೂ ಇರುತ್ತಿದ್ದವು. ಮೂರನೆಯದಾಗಿ ಒಂದರಲ್ಲಿ ಜಿಡೋವುಡಿನ್, ಇನ್ನೊಂದರಲ್ಲಿ ಸ್ಟಾವುಡಿನ್. ಯಾರಿಗೆ ಯಾವುದು ಎಂದು ನಿರ್ಧರಿಸುತ್ತಿದ್ದದ್ದು ಹಿಮೋಗ್ಲೋಬಿನ್. 9ಕ್ಕಿಂತ ಕಡಿಮೆ ಇದ್ದರೆ ಜಿಡೋವುಡಿನ್ ಬೇಡ, ಸ್ಟಾವುಡಿನ್ ಕೊಡಿ ಎಂಬುದು ನಿಯಮ.

ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು ನೂರಕ್ಕೆ 57. ಎಷ್ಟೋ ಹೆಣ್ಣುಮಕ್ಕಳು ಜಿಡೋವುಡಿನ್‌ನ ಬಾಗಿಲಲ್ಲೇ ನಿಂತು, ಸ್ಟಾವುಡಿನ್ ಕಡೆ ತಿರುಗಬೇಕಾಯಿತು. ಸ್ಟಾವುಡಿನ್ ಮಜ್ಜೆಗೆ ಅಷ್ಟು ಕಾಟ ಕೊಡುತ್ತಿರಲಿಲ್ಲ. ಆದರೆ ವರ್ಷ ಕಳೆದಂತೆ ಅಂಗಾಲು ಉರಿಯುತ್ತಿತ್ತು. ಕೆನ್ನೆ ಒಳಗೆ ಹೋಗಿ, ಕೈಕಾಲು ಸಣಕಲಾಗಿ, ನರ ಎದ್ದು ಕಾಣುತ್ತಿದ್ದವು. ಊರಿನಲ್ಲಿ ಬಾಯಿ ಮುಚ್ಚಿಕೊಂಡು ಗುಟ್ಟು ಕಾಪಾಡಬಹುದು, ಮುಖ ಮುಚ್ಚಿಕೊಳ್ಳುವುದು ಕಷ್ಟ.

2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡಿನ್ ಬಿಡಿಸಿ ಎಂದು ಎಲ್ಲ ದೇಶಗಳಿಗೆ ಹೇಳಿತು. ಆಗ ಜಿಡೋವುಡಿನ್ ಮೇಲಿನ ಭಾರ ಹೆಚ್ಚಿತು. ಜಿಡೋವುಡಿನ್ ಹೆಚ್ಚಿದಷ್ಟೂ ರಕ್ತ ಪರೀಕ್ಷೆಯ ಮಹತ್ವ ಹೆಚ್ಚಿತು. ಗುಳಿಗೆ ಶುರು ಮಾಡುವ ಮೊದಲು, ಹದಿನೈದು ದಿನಕ್ಕೆ, ತಿಂಗಳಿಗೆ, ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೊಮ್ಮೆ ರಕ್ತ ನೋಡಬೇಕು ಎಂಬ ಪಟ್ಟಿ ಬಂತು.

ಪಟ್ಟಿ ಕಾಗದದ ಮೇಲೆ ಸುಲಭ. ಕಬ್ಬಿನ ಹಂಗಾಮಿನಲ್ಲಿ ಸಾಂಗಲಿ ಕಡೆ ಗುಡಿಸಲು ಹಾಕಿಕೊಂಡವನಿಗೆ ಹದಿನೈದನೆಯ ದಿನ ವಿಜಯಪುರಕ್ಕೆ ಬಾ ಅಂದರೆ ಎಲ್ಲಿಂದ ಬರಬೇಕು? ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಒಂದು ದಿನ ಬಿಟ್ಟರೆ ಪಗಾರ ಹೋಯಿತು, ಬಸ್ ಚಾರ್ಜು ಬೇರೆ, ಮನೆಯಲ್ಲಿ ಏನು ನೆಪ ಹೇಳುವುದು ಎಂಬ ಚಿಂತೆ ಬೇರೆ. ಈ ದೂರ ಕಡಿಮೆ ಮಾಡಲೆಂದೇ 2008ರಿಂದ ದೇಶದಲ್ಲಿ ಲಿಂಕ್ ಎಆರ್‌ಟಿ ಕೇಂದ್ರಗಳ ಯೋಜನೆ ಶುರುವಾಯಿತು. ದೊಡ್ಡ ಕೇಂದ್ರದಲ್ಲಿ ಚಿಕಿತ್ಸೆ ಶುರುವಾಗಿ, ಆರೋಗ್ಯ ಒಂದು ಹದಕ್ಕೆ ಬಂದ ಮೇಲೆ ತಾಲ್ಲೂಕು ಮಟ್ಟದ ದವಾಖಾನೆಯಲ್ಲೇ ಗುಳಿಗೆ ಕೊಡುವ ವ್ಯವಸ್ಥೆ ಅದು. ಚಡಚಣ, ತಾಳಿಕೋಟೆ, ನಿಡಗುಂದಿ, ದೇವರ ಹಿಪ್ಪರಗಿ ಎಲ್ಲ ಆಗ ಇದೇ ನಾಲ್ಕು ತಾಲ್ಲೂಕುಗಳ ಹೊಟ್ಟೆಯಲ್ಲಿದ್ದವು. ಅಲ್ಲಿಂದ ಜಿಲ್ಲಾ ಕೇಂದ್ರಕ್ಕೂ ತಾಲ್ಲೂಕು ಊರಿಗೂ ಇರುವ ವ್ಯತ್ಯಾಸ ಬಸ್ಸಿಗೆ ಕಾದವರಿಗೇ ಗೊತ್ತು.

ಎತ್ತು ಬದಲಿಸಿದರು, ಬಿತ್ತನೆ ನಿಲ್ಲಿಸಲಿಲ್ಲ

ಇಷ್ಟು ವರ್ಷದ ಅನುಭವದಿಂದ ಬಿಳಿಕಣ ಇಳಿದಾಗ ಏನು ಮಾಡಬೇಕು ಎಂಬುದಕ್ಕೆ ಡಾಕ್ಟರುಗಳ ಕೈಯಲ್ಲಿ ಒಂದು ಕ್ರಮ ಇದೆ.

ಮೊದಲನೆಯದು, ಎಣಿಕೆ. ರಿಪೋರ್ಟಿನಲ್ಲಿ ಒಟ್ಟು ಬಿಳಿಕಣ, ಅಂದರೆ ಟಿಸಿ, ಮತ್ತು ಅದರಲ್ಲಿ ಯಾವ ಜಾತಿ ನೂರಕ್ಕೆ ಎಷ್ಟು, ಅಂದರೆ ಡಿಸಿ, ಇರುತ್ತದೆ. ಒಟ್ಟು 2400, ಅದರಲ್ಲಿ ನ್ಯೂಟ್ರೋಫಿಲ್ ನೂರಕ್ಕೆ 40 ಅಂದರೆ, 2400 ಗುಣಿಸು 40, ಭಾಗಿಸು 100. ಬರುವುದು 960. ಡಾಕ್ಟರು ನೋಡುವುದು ಈ 960 ಎಂಬ ಅಂಕಿಯನ್ನು. ದೊಡ್ಡವರಲ್ಲಿ ಇದು 1500ಕ್ಕಿಂತ ಮೇಲಿರಬೇಕು. 1000ದ ಮೇಲಿದ್ದರೆ ಸಾಮಾನ್ಯವಾಗಿ ಗುಳಿಗೆ ಮುಂದುವರಿಸಿ, ಕೆಲವು ದಿನದಲ್ಲಿ ಮತ್ತೆ ರಕ್ತ ನೋಡುತ್ತಾರೆ. 750ರ ಕೆಳಗೆ ಬಂದರೆ ಔಷಧ ಬದಲಿಸುವ ಯೋಚನೆ ಬರುತ್ತದೆ. 500ರ ಕೆಳಗೆ ಹೋದರೆ ಸೋಂಕಿನ ಅಪಾಯ ಬಹಳ, ತಡ ಮಾಡುವ ಹಾಗಿಲ್ಲ.

ಎರಡನೆಯದು, ಕಾರಣ ಹುಡುಕುವುದು. ಜಿಡೋವುಡಿನ್ ಒಂದೇ ಕಳ್ಳ ಅಲ್ಲ. ಎಚ್‌ಐವಿ ಬಲಿತಾಗ ಅದೇ ಬಿಳಿಕಣ ಇಳಿಸುತ್ತದೆ. ಟಿಬಿ ಮಜ್ಜೆಗೆ ಹೊಕ್ಕರೂ ಇಳಿಯುತ್ತದೆ. ಸಿಡಿ4 ಕಡಿಮೆ ಇದ್ದವರಿಗೆ ಸೋಂಕು ತಡೆಯಲು ದಿನಾ ಕೊಡುವ ಕೊಟ್ರಿಮಾಕ್ಸಜೋಲ್, ಅಂದರೆ ನಮ್ಮ ಮಂದಿ ಸೆಪ್ಟ್ರಾನ್ ಅನ್ನುವ ಗುಳಿಗೆ, ಅದೂ ಕೆಲವರಲ್ಲಿ ಬಿಳಿಕಣ ಇಳಿಸುತ್ತದೆ. ಜಿಡೋವುಡಿನ್ ಜೊತೆ ಸೇರಿದರೆ ತೊಂದರೆ ಹೆಚ್ಚಾಗಬಹುದು. ಔಷಧಕ್ಕೆ ಬಗ್ಗದ ಟಿಬಿಗೆ ಕೊಡುವ ಲಿನೆಜೋಲಿಡ್ ಇನ್ನೊಂದು. ನೋವು, ಜ್ವರಕ್ಕೆ ಚುಚ್ಚುವ ಅನಾಲ್ಜಿನ್ ಜಾತಿಯ ಔಷಧ ಅಪರೂಪಕ್ಕೆ ಬಿಳಿಕಣವನ್ನು ಪೂರ್ತಿ ನೆಲಕಚ್ಚಿಸಬಲ್ಲದು. ಅದಕ್ಕೇ ಊರಿನಲ್ಲಿ ಯಾರ ಹತ್ತಿರ ಏನು ತೋರಿಸಿಕೊಂಡಿರಿ, ಯಾವ ಸೂಜಿ ಮಾಡಿಸಿಕೊಂಡಿರಿ ಎಂಬುದನ್ನು ಡಾಕ್ಟರಿಗೆ ಹೇಳಬೇಕು. ಮುಚ್ಚಿಟ್ಟರೆ ಅವರು ತಪ್ಪು ಕಳ್ಳನನ್ನು ಹಿಡಿಯುತ್ತಾರೆ.

ಮೂರನೆಯದು, ಬದಲಾವಣೆ. ಜಿಡೋವುಡಿನ್ನೇ ಕಾರಣ ಅಂತ ಖಾತ್ರಿಯಾದರೆ ಅದೊಂದನ್ನು ತೆಗೆದು ಬೇರೆ ಔಷಧ ಹಾಕುತ್ತಾರೆ, ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿ ಟೆನೊಫೊವಿರ್. ಅದಕ್ಕೆ ಮೂತ್ರಪಿಂಡದ ಪರೀಕ್ಷೆ ಬೇಕು, ಅದು ಬೇರೆ ಎಣಿಕೆ. ಬದಲಿಸಿದ ಮೇಲೆ ಹೆಚ್ಚಿನವರಲ್ಲಿ ಕೆಲವು ವಾರದಲ್ಲೇ ಬಿಳಿಕಣ ಮತ್ತೆ ಏರುತ್ತದೆ. ಹರಗುವಾಗ ಜೋಡೆತ್ತಿನಲ್ಲಿ ಒಂದು ಕುಂಟಿದರೆ ಅದನ್ನು ಬಿಚ್ಚಿ ಬೇರೆ ಎತ್ತು ಹೂಡುತ್ತೇವೆ. ಹದ ಹೋದೀತು ಅಂತ ಬಿತ್ತನೆ ನಿಲ್ಲಿಸುವುದಿಲ್ಲ. ಇದೂ ಹಾಗೆಯೇ.

ತಾವಾಗಿಯೇ ಗುಳಿಗೆ ಬಿಟ್ಟವರ ಕಥೆ ಬೇರೆಯೇ. ನೆವಿರಪಿನ್, ಎಫಾವಿರೆಂಜ್ ಎಂಬ ಔಷಧಗಳು ಬಿಟ್ಟ ಮೇಲೂ ಬಹಳ ದಿನ ರಕ್ತದಲ್ಲಿ ಉಳಿಯುತ್ತವೆ. ಜೊತೆಯ ಎರಡು ಔಷಧ ಬೇಗ ಇಳಿದುಹೋಗುತ್ತವೆ. ಆಗ ವೈರಸ್ ಎದುರು ಒಂದೇ ಔಷಧ ಒಂಟಿಯಾಗಿ ನಿಂತಿರುತ್ತದೆ. ವೈರಸ್ ಅದನ್ನು ಸೋಲಿಸುವುದನ್ನು ಕಲಿಯುತ್ತದೆ. ಮತ್ತೆ ಶುರು ಮಾಡಿದಾಗ ಆ ಗುಳಿಗೆ ಕೆಲಸ ಮಾಡದೆ ಹೋಗಬಹುದು. ಬಿಳಿಕಣ ಉಳಿಸಿಕೊಳ್ಳಲು ಹೋಗಿ ಔಷಧವನ್ನೇ ಕಳೆದುಕೊಂಡ ಹಾಗೆ. ಅರ್ಧ ಗುಳಿಗೆ ತಿನ್ನುವುದು, ದಿನ ಬಿಟ್ಟು ದಿನ ತಿನ್ನುವುದು ಇದೇ ಜಾತಿಯ ತಪ್ಪು. 1990ರಲ್ಲಿ ಪ್ರಮಾಣ ಇಳಿಸಿದರಲ್ಲ ಅಂತ ಯಾರಾದರೂ ವಾದ ಮಾಡಬಹುದು. ಅದನ್ನು ಇಳಿಸಿದ್ದು ಎಣಿಸಿ, ಹೋಲಿಸಿ ನೋಡಿದ ಮೇಲೆ. ಈಗ ನಮ್ಮ ಕೈಗೆ ಬರುವುದು ಇಳಿಸಿದ ಪ್ರಮಾಣವೇ.

ಈಗ ಎಲ್ಲಿದ್ದೇವೆ

2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟೆನೊಫೊವಿರ್ ಇರುವ ಒಂದೇ ಗುಳಿಗೆಯನ್ನು ಮೊದಲ ಆಯ್ಕೆ ಎಂದಿತು. 2019ರಲ್ಲಿ ಡೊಲುಟೆಗ್ರಾವಿರ್ ಸೇರಿದ ಜೋಡಣೆ ಮುಂದೆ ಬಂತು, ನಮ್ಮ ದೇಶವೂ ಅದಕ್ಕೆ ಬದಲಾಯಿತು. 2017ರಿಂದ ಸಿಡಿ4 ಎಷ್ಟೇ ಇರಲಿ, ಎಚ್‌ಐವಿ ಇದೆ ಅಂತ ಗೊತ್ತಾದ ಕೂಡಲೇ ಚಿಕಿತ್ಸೆ ಶುರು ಮಾಡುತ್ತಾರೆ. ಈಗ ಹೊಸದಾಗಿ ಶುರು ಮಾಡುವ ಹೆಚ್ಚಿನ ದೊಡ್ಡವರಿಗೆ ಜಿಡೋವುಡಿನ್ ಕೊಡುವುದಿಲ್ಲ. ಹಾಗಾಗಿ ಔಷಧದಿಂದ ಬಿಳಿಕಣ ಬೀಳುವುದು ಮೊದಲಿಗಿಂತ ಬಹಳ ಕಡಿಮೆ.

ಆದರೆ ಮುಗಿದ ಕಥೆ ಅಲ್ಲ. ಮೊದಲ ಸಾಲಿನ ಔಷಧ ಸೋತವರಿಗೆ, ಮೂತ್ರಪಿಂಡಕ್ಕೆ ಟೆನೊಫೊವಿರ್ ಆಗದ ಕೆಲವರಿಗೆ, ಕೆಲವು ಮಕ್ಕಳಿಗೆ ಜಿಡೋವುಡಿನ್ ಈಗಲೂ ಬೇಕಾಗುತ್ತದೆ. ಕೊಟ್ರಿಮಾಕ್ಸಜೋಲ್ ಈಗಲೂ ಇದೆ, ಟಿಬಿ ಈಗಲೂ ಇದೆ.

ಅಂಥವರ ಮನೆಯವರಿಗೆ ನಾಲ್ಕು ಮಾತು. ಬಿಳಿಕಣ ಕಡಿಮೆ ಇದೆ ಅಂತ ಹೇಳಿದವರಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ, ಚಳಿ ನಡುಕ ಬಂದರೆ, ಬಾಯಲ್ಲಿ ಹುಣ್ಣು, ಗಂಟಲು ನೋವು ಜೋರಾದರೆ ಅವತ್ತೇ ದೊಡ್ಡ ದವಾಖಾನೆಗೆ ಹೋಗಿ. ಊರಲ್ಲಿ ಒಂದು ಸೂಜಿ ಮಾಡಿಸಿಕೊಂಡು ನಾಳೆ ನೋಡೋಣ ಅನ್ನಬೇಡಿ. ಬಿಳಿಕಣ ಇಲ್ಲದ ಮೈಯಲ್ಲಿ ಸೋಂಕು ಬಾವು, ಕೀವು ತೋರಿಸದೆಯೇ ಏರುತ್ತದೆ, ಜ್ವರ ಒಂದೇ ಗುರುತು ಆಗಿರಬಹುದು. ಕೈ ತೊಳೆಯುವುದು, ಕುದಿಸಿ ಆರಿಸಿದ ನೀರು, ಬಿಸಿ ಊಟ, ಗಾಯ ಆದರೆ ಕೂಡಲೇ ತೊಳೆದು ಕಟ್ಟುವುದು ಸಣ್ಣ ಕೆಲಸ ಅಲ್ಲ. ಪಪ್ಪಾಯಿ ಎಲೆ ರಸ, ಶಕ್ತಿ ಪುಡಿ ಅಂತ ಮಾರುವವರು ಬಿಳಿಕಣ ಏರಿಸುತ್ತೇವೆ ಅಂದರೆ ನಂಬಿ ಗುಳಿಗೆ ಬಿಡಬೇಡಿ. ಹಾಲು, ತತ್ತಿ, ಬೇಳೆ, ಸೊಪ್ಪು ಮೈಗೆ ಬೇಕೇ ಬೇಕು, ಆದರೆ ಔಷಧ ಇಳಿಸಿದ ನ್ಯೂಟ್ರೋಫಿಲ್ಲನ್ನು ಊಟ ಒಂದೇ ಏರಿಸಲಾರದು.

ಗುಟ್ಟಿನ ಬಗ್ಗೆ ಹೆದರುವವರಿಗೆ ಕಾನೂನು ಜೊತೆಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕಾಯ್ದೆ ಹೇಳಿದ ಕೆಲವು ಸಂದರ್ಭ ಬಿಟ್ಟರೆ, ಒಬ್ಬರಿಗೆ ಎಚ್‌ಐವಿ ಇದೆ ಎಂಬುದನ್ನು ಅವರ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವ ಹಾಗಿಲ್ಲ. ಕೆಲಸದಿಂದ ತೆಗೆಯುವುದು, ಚಿಕಿತ್ಸೆ ನಿರಾಕರಿಸುವುದು ತಪ್ಪು. ದುಡಿಯಲು ಬೇರೆ ಊರಿಗೆ ಹೋಗುವ ಮೊದಲು ನಿಮ್ಮ ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರಿಗೆ ಹೇಳಿ, ಹೋಗುವ ಊರಿನ ಹತ್ತಿರ ಗುಳಿಗೆ ಮತ್ತು ರಕ್ತ ಪರೀಕ್ಷೆಗೆ ಏನು ಮಾಡಬಹುದು ಕೇಳಿ. 1097ಕ್ಕೆ ಫೋನ್ ಮಾಡಿದರೆ ದುಡ್ಡು ಬೀಳುವುದಿಲ್ಲ, ಹೆಸರು ಹೇಳದೆಯೂ ಕೇಳಬಹುದು.

ಈಗ ಬಸ್ಸಿನಲ್ಲಿ ಕೂತ ಆ ಅಕ್ಕನ ಪ್ರಶ್ನೆಗೆ ಬರೋಣ. ಬಿಳಿಕಣ ಇಳಿಸುವ ಗುಳಿಗೆಯನ್ನು ಯಾಕೆ ನುಂಗಬೇಕು? ಅದು ಇಳಿಸುವುದು ಒಂದನ್ನು, ಉಳಿಸುವುದು ಇನ್ನೊಂದನ್ನು. ಇಳಿಯುವುದನ್ನು ಎಣಿಸಬಹುದು, ಎಣಿಸಿದರೆ ತಡೆಯಬಹುದು, ತಡೆಯಲು ಆಗದಿದ್ದರೆ ಔಷಧ ಬದಲಿಸಬಹುದು. 1986ರಲ್ಲಿ ಖಾಲಿ ಗುಳಿಗೆ ತಿಂದು ಸತ್ತ 19 ಮಂದಿ ಮತ್ತು ಔಷಧ ತಿಂದು ಪದೇ ಪದೇ ರಕ್ತ ಏರಿಸಿಕೊಂಡವರು, ಇಬ್ಬರೂ ಸೇರಿ ನಮಗೆ ಕಲಿಸಿಕೊಟ್ಟದ್ದು ಇದನ್ನೇ.

ರಿಪೋರ್ಟನ್ನು ಮಡಚಿ ಚೀಲದಲ್ಲಿ ಇಟ್ಟುಕೊಳ್ಳಿ ಅಕ್ಕಾ. ರಾತ್ರಿಯ ಗುಳಿಗೆ ತಪ್ಪಿಸಬೇಡಿ. ಮತ್ತೆ ರಕ್ತ ಕೊಡಲು ಯಾವ ದಿನ ಕರೆದಿದ್ದಾರೋ, ಆ ದಿನವನ್ನೂ ತಪ್ಪಿಸಬೇಡಿ.